ಎರಡು ಡೋಸ್ ಆದ ಮೇಲೂ ಕೋವಿಡ್ ಬಂತಲ್ಲ ಮೇಡಂ, ಯಾಕೆ?

"ಮೇಡಂ, ನಾನು ಎರಡೂ ಡೋಸ್ ಹಾಕಿಸಿಕೊಂಡಿದ್ದೆ. ಆದರೂ ಕೋವಿಡ್ ಬಂತು. ನಮ್ಮ ಮನೆಯಲ್ಲಿ ಐದು ಜನ. ಲಸಿಕೆ ಹಾಕಿಸಿಕೊಂಡ ನಾಲ್ಕು ಜನಕ್ಕೂ ಬಂತು. ಹಾಕಿಸಿಕೊಳ್ಳದ ನನ್ನ ಅಣ್ಣ ಆರಾಮಾಗಿ ಓಡಾಡಿಕೊಂಡಿದ್ದ. ಅಮ್ಮನಿಗೆ 68 ವರ್ಷ, ಶುಗರ್ ಇದೆ, ಅವರಿಗೂ ಬಂತು, ನಾಲ್ಕು ದಿನದಲ್ಲಿ ಎದ್ದರು, ಕೆಮ್ಮು ಇನ್ನೂ ಇದೆ. ಮತ್ತೆ ಲಸಿಕೆಯಿಂದ ಏನು ಉಪಯೋಗ ಆಯ್ತು?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕ ಇಟ್ಟಿಲ್ಲ. ಮನೆಯವರ ಸಂಖ್ಯೆ ಬದಲಾಗುತ್ತದೆ, ಅಣ್ಣನ ಜಾಗಕ್ಕೆ ಮಾವನೋ ಪಕ್ಕದ ಮನೆಯವರೋ ಬರುತ್ತಾರೆ. ಪ್ರಶ್ನೆ ಅದೇ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡಬಹುದು.

ಲಸಿಕೆಯ ನಂತರವೂ ಕೆಲವರಿಗೆ ಕೋವಿಡ್ ಬರುತ್ತದೆ ಅನ್ನುವುದು ಆಮೇಲೆ ಬಯಲಾದ ಗುಟ್ಟಲ್ಲ. ಮೊದಲ ದಿನವೇ ಗೊತ್ತಿತ್ತು. 2020ರಲ್ಲಿ ಫೈಜರ್ ಲಸಿಕೆಯ ಪ್ರಯೋಗದಲ್ಲಿ ಸುಮಾರು 43,000 ಜನ ಇದ್ದರು. ಅರ್ಧ ಜನಕ್ಕೆ ಲಸಿಕೆ, ಇನ್ನರ್ಧ ಜನಕ್ಕೆ ಬರೀ ಉಪ್ಪುನೀರಿನ ಸೂಜಿ. ಎರಡನೇ ಡೋಸ್ ಆಗಿ ಒಂದು ವಾರ ಕಳೆದ ಮೇಲೆ ಕಾಯಿಲೆ ಬಿದ್ದವರು 170 ಜನ. ಅವರಲ್ಲಿ 162 ಜನ ಉಪ್ಪುನೀರು ಪಡೆದವರು, 8 ಜನ ಲಸಿಕೆ ಪಡೆದವರು. ಎಲ್ಲರೂ ಹೇಳುವ ಶೇ. 95 ಹುಟ್ಟಿದ್ದು ಇಲ್ಲಿಂದ. ಆ 8 ಜನರನ್ನು ಯಾರೂ ಮುಚ್ಚಿಡಲಿಲ್ಲ, ವರದಿಯಲ್ಲೇ ಇದ್ದಾರೆ. ಅಷ್ಟೇ ಅಲ್ಲ, ಅಲ್ಲಿ ಎಣಿಸಿದ್ದು ಜ್ವರ, ಕೆಮ್ಮು ಥರದ ಲಕ್ಷಣ ಕಂಡು ಟೆಸ್ಟ್‌ನಲ್ಲಿ ಪಾಸಿಟಿವ್ ಬಂದವರನ್ನು. ವೈರಸ್ ಮೂಗಿನ ಹತ್ತಿರ ಸುಳಿಯುವುದೇ ಇಲ್ಲ ಎಂದು ಆ ಪ್ರಯೋಗ ಹೇಳಲೇ ಇಲ್ಲ.

ಯಾಕೆ ಬರುತ್ತದೆ ಅನ್ನುವುದು ಕಷ್ಟದ ವಿಷಯವಲ್ಲ. ಸೂಜಿ ಹಾಕುವುದು ತೋಳಿಗೆ, ವೈರಸ್ ಬರುವುದು ಮೂಗಿನಿಂದ. ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು, ಅಂದರೆ ವೈರಸ್‌ಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್‌ಗಳು, ಹೆಚ್ಚಾಗಿ ರಕ್ತದಲ್ಲಿರುತ್ತವೆ. ಮೊದಲ ಕೆಲವು ವಾರ ಅವು ಎಷ್ಟು ತುಂಬಿರುತ್ತವೆ ಎಂದರೆ ಮೂಗು, ಗಂಟಲಿನವರೆಗೂ ಒಂದಷ್ಟು ತಲುಪುತ್ತವೆ. ತಿಂಗಳು ಕಳೆದಂತೆ ಇಳಿಯುತ್ತವೆ. ಇಳಿಯಲೇಬೇಕು, ದೇಹ ಎಲ್ಲ ರೋಗಕ್ಕೂ ಸದಾ ಪ್ರತಿಕಾಯ ತಯಾರಿಸುತ್ತಾ ಕೂರುವುದಿಲ್ಲ. ಆದರೆ ತಯಾರಿಸುವ ವಿದ್ಯೆ ಕಲಿತ ಕೋಶಗಳು ಉಳಿದುಕೊಳ್ಳುತ್ತವೆ. ಇವನ್ನು ನೆನಪಿನ ಕೋಶಗಳು ಅನ್ನುತ್ತೇವೆ. ವೈರಸ್ ಮತ್ತೆ ಕಂಡಾಗ ಇವು ಎಚ್ಚರಗೊಂಡು, ಸಂಖ್ಯೆಯಲ್ಲಿ ಬೆಳೆದು, ಕೆಲಸಕ್ಕೆ ಇಳಿಯಲು ಕೆಲವು ದಿನ ಬೇಕು. ಮೂಗು, ಗಂಟಲಿನಲ್ಲಿ ವೈರಸ್ ಅಷ್ಟು ದಿನ ಕಾಯುವುದಿಲ್ಲ. ಆಮೇಲೆ ಬಂದ ಒಮಿಕ್ರಾನ್ ತಳಿಯಂತೂ ಸುಮಾರು ಮೂರು ದಿನದಲ್ಲೇ ಲಕ್ಷಣ ತೋರಿಸುತ್ತದೆ. ಹಾಗಾಗಿ ಜ್ವರ ಬರುತ್ತದೆ, ಟೆಸ್ಟ್ ಪಾಸಿಟಿವ್ ಆಗುತ್ತದೆ, ಪಕ್ಕದವರಿಗೆ ಹರಡುವುದೂ ಉಂಟು. ಆದರೆ ಶ್ವಾಸಕೋಶ ಕೆಟ್ಟು ಉಸಿರಿಗೆ ಒದ್ದಾಡುವ ಹಂತ ಸಾಮಾನ್ಯವಾಗಿ ಒಂದು ವಾರ ದಾಟಿದ ಮೇಲೆ ಬರುತ್ತದೆ. ಅಷ್ಟರಲ್ಲಿ ನೆನಪಿನ ಕೋಶಗಳು ತಯಾರಾಗಿರುತ್ತವೆ. ಲಸಿಕೆಯ ದೊಡ್ಡ ಲಾಭ ಇರುವುದು ಈ ನಾಲ್ಕೈದು ದಿನದ ಅಂತರದಲ್ಲಿ.

ಇದರ ಜೊತೆಗೆ ವೈರಸ್ ಕೂಡ ಬದಲಾಯಿತು. ಮೊದಲ ಲಸಿಕೆಗಳು 2020ರ ಆರಂಭದ ವೈರಸ್ ನೋಡಿ ಮಾಡಿದವು. 2021ರ ನವೆಂಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆ ಒಮಿಕ್ರಾನ್ ಎಂದು ಹೆಸರಿಟ್ಟ ತಳಿಯ ಸ್ಪೈಕ್ ಪ್ರೋಟೀನ್ (ವೈರಸ್ ಮೈಮೇಲಿನ ಮುಳ್ಳಿನಂಥ ಭಾಗ) ಒಂದರಲ್ಲೇ 30ಕ್ಕೂ ಹೆಚ್ಚು ಬದಲಾವಣೆ ಇದ್ದವು. ಹಳೆಯ ಪ್ರತಿಕಾಯಗಳು ಅದಕ್ಕೆ ಸರಿಯಾಗಿ ಅಂಟಿಕೊಳ್ಳಲಿಲ್ಲ. ಸೋಂಕು ತಗುಲಿದ ಕೋಶಗಳನ್ನು ಹುಡುಕಿ ಕೊಲ್ಲುವ ಟಿ ಕೋಶಗಳು ಮಾತ್ರ ಅಷ್ಟು ಸುಲಭವಾಗಿ ಮೋಸ ಹೋಗಲಿಲ್ಲ. ಅವು ಪ್ರೋಟೀನಿನ ಬೇರೆ ಬೇರೆ ತುಣುಕುಗಳನ್ನು ಗುರುತಿಸುತ್ತವೆ, ಆ ತುಣುಕುಗಳಲ್ಲಿ ಹೆಚ್ಚಿನವು ಹಾಗೇ ಉಳಿದಿದ್ದವು.

ನನಗೂ ಬಂದಿತ್ತು. 2022ರ ಜನವರಿ, ಎರಡನೇ ಡೋಸ್ ಆಗಿ ಐದು ತಿಂಗಳು. ಬೆಳಿಗ್ಗೆ ಏಳುವಾಗ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ಹಾಗಿತ್ತು. ಮಧ್ಯಾಹ್ನಕ್ಕೆ ಮೈಕೈ ನೋವು, ರಾತ್ರಿ 101 ಡಿಗ್ರಿ ಜ್ವರ. ಟೆಸ್ಟ್ ಪಟ್ಟಿಯಲ್ಲಿ ಎರಡು ಗೆರೆ ಮೂಡಿದಾಗ ಸಿಟ್ಟೇ ಬಂತು. ಇಷ್ಟು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳಿಗೇ ಹಾಗನಿಸಿತು, ಇನ್ನು ನಿಮಗೆ ಅನಿಸಿದ್ದರಲ್ಲಿ ತಪ್ಪೇನಿಲ್ಲ. ಮೂರನೇ ದಿನ ಜ್ವರ ಬಿಟ್ಟಿತು. ಕೆಮ್ಮು ಎರಡು ವಾರ ಕಾಡಿತು. ಮೆಟ್ಟಿಲು ಹತ್ತಿದರೆ ಸುಸ್ತಾಗುವುದು ಒಂದು ತಿಂಗಳು ಇತ್ತು. ವೈದ್ಯರು ಸೌಮ್ಯ ಕೋವಿಡ್ ಅನ್ನುವುದು ಇದಕ್ಕೇ. ಶ್ವಾಸಕೋಶಕ್ಕೆ ಇಳಿಯಲಿಲ್ಲ, ಆಮ್ಲಜನಕ ಕೊಡುವ ಸ್ಥಿತಿ ಬರಲಿಲ್ಲ ಎಂದಷ್ಟೇ ಆ ಪದದ ಅರ್ಥ. ಹಾಸಿಗೆಯಲ್ಲಿ ಮಲಗಿದವರಿಗೆ ಅದು ಸೌಮ್ಯವಾಗಿ ಇರಬೇಕೆಂದಿಲ್ಲ.

ಲಸಿಕೆ ಇರದಿದ್ದರೆ ನನಗೆ ಇನ್ನೂ ಜೋರಾಗಿ ಬರುತ್ತಿತ್ತಾ? ಒಬ್ಬರ ದೇಹದಲ್ಲಿ ಅದನ್ನು ಪರೀಕ್ಷೆ ಮಾಡಿ ನೋಡುವ ದಾರಿಯೇ ಇಲ್ಲ. ನನ್ನ ಅನುಭವ ಲಸಿಕೆಯ ಪರವಾಗಿ ಸಾಕ್ಷಿ ಹೇಳಲಾರದು. ಹಾಗೆಯೇ ನಿಮ್ಮ ಮನೆಯ ಅನುಭವ ಅದರ ವಿರುದ್ಧವೂ ಸಾಕ್ಷಿ ಹೇಳಲಾರದು. ಇದಕ್ಕೆ ತುಂಬಾ ಜನರನ್ನು ಒಟ್ಟಿಗೆ ನೋಡಬೇಕು, ಸರಿಯಾಗಿ ಎಣಿಸಬೇಕು.

ಸರಿಯಾಗಿ ಎಣಿಸುವುದು ಅಂದೆ. ನನ್ನನ್ನು ಅತಿ ಹೆಚ್ಚು ಸುಸ್ತು ಮಾಡಿರುವ ನಂಬಿಕೆ ಇರುವುದು ಅಲ್ಲೇ. "ಕೋವಿಡ್ ಬಂದವರಲ್ಲಿ ಲಸಿಕೆ ಹಾಕಿಸಿಕೊಂಡವರೇ ಜಾಸ್ತಿ. ಆಸ್ಪತ್ರೆಯಲ್ಲೂ ಅವರೇ ಜಾಸ್ತಿ. ಹಾಗಾಗಿ ಲಸಿಕೆ ಕೆಲಸ ಮಾಡಲ್ಲ." ಮೊದಲ ಎರಡು ಮಾತು ಎಷ್ಟೋ ಕಡೆ ನಿಜವೇ. ಮೂರನೆಯದು ಅವುಗಳಿಂದ ಹೊರಡುವುದಿಲ್ಲ. ಒಂದು ಕಾಗದ, ಪೆನ್ನು ತೆಗೆದುಕೊಳ್ಳಿ. ಸುಮ್ನೆ ಓದಿದರೆ ಇದು ತಲೆಯಲ್ಲಿ ನಿಲ್ಲುವುದಿಲ್ಲ, ಕೈಯಲ್ಲಿ ಬರೆಯಬೇಕು.

ಸಾವಿರ ಜನರ ಒಂದು ಊರು ಅಂದುಕೊಳ್ಳಿ. 900 ಜನ ಲಸಿಕೆ ಹಾಕಿಸಿಕೊಂಡಿದ್ದಾರೆ, 100 ಜನ ಇಲ್ಲ. ಕೋವಿಡ್ ಬಂತು. ಹಾಕಿಸಿಕೊಳ್ಳದವರಲ್ಲಿ ನೂರಕ್ಕೆ 30 ಜನ ಕಾಯಿಲೆ ಬಿದ್ದರು. ಹಾಕಿಸಿಕೊಂಡವರಲ್ಲಿ ನೂರಕ್ಕೆ 10 ಜನ ಮಾತ್ರ. ಈಗ ಲೆಕ್ಕ ಹಾಕಿ. ಆ ಕಡೆ 30 ಜನ, ಈ ಕಡೆ 90 ಜನ. ಒಟ್ಟು 120 ರೋಗಿಗಳಲ್ಲಿ ನಾಲ್ಕಕ್ಕೆ ಮೂರು ಜನ ಲಸಿಕೆ ಹಾಕಿಸಿಕೊಂಡವರು! ಲಸಿಕೆ ಅಪಾಯವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದೆ, ಆದರೂ ರೋಗಿಗಳ ಸಾಲಿನಲ್ಲಿ ಅವರೇ ಜಾಸ್ತಿ ಕಾಣುತ್ತಾರೆ. ಊರಿನ ಸಾವಿರ ಜನವೂ ಹಾಕಿಸಿಕೊಂಡಿದ್ದರೆ ರೋಗಿಗಳೆಲ್ಲರೂ, ಒಬ್ಬರೂ ಬಿಡದೆ, ಲಸಿಕೆ ಹಾಕಿಸಿಕೊಂಡವರೇ ಆಗಿರುತ್ತಿದ್ದರು. ರೋಗಿಗಳಲ್ಲಿ ಎಷ್ಟು ಜನ ಲಸಿಕೆ ಪಡೆದವರು ಎಂದು ಕೇಳಬಾರದು. ಲಸಿಕೆ ಪಡೆದವರಲ್ಲಿ ಎಷ್ಟು ಜನ ರೋಗಿಗಳಾದರು ಎಂದು ಕೇಳಬೇಕು. ಪದಗಳು ಅವೇ, ಜಾಗ ಬದಲಾದರೆ ಪ್ರಶ್ನೆಯೇ ಬೇರೆ.

ಇದು ಕಲ್ಪನೆಯ ಊರು ಅನ್ನುತ್ತೀರಿ. ಸರಿ, ನಿಜವಾದ ದೇಶವನ್ನೇ ನೋಡೋಣ. 2021ರ ಆಗಸ್ಟ್ ಮಧ್ಯದಲ್ಲಿ, ಒಮಿಕ್ರಾನ್‌ಗೂ ಮೊದಲಿನ ಡೆಲ್ಟಾ ತಳಿ ಹರಡಿದ್ದಾಗ, ಇಸ್ರೇಲ್‌ನ ಆಸ್ಪತ್ರೆಗಳಲ್ಲಿ ಗಂಭೀರ ಸ್ಥಿತಿಯಲ್ಲಿದ್ದ ಕೋವಿಡ್ ರೋಗಿಗಳಲ್ಲಿ 301 ಜನ ಪೂರ್ತಿ ಲಸಿಕೆ ಪಡೆದವರು, 214 ಜನ ಪಡೆಯದವರು. ನೂರಕ್ಕೆ ಸುಮಾರು 58. ಈ ಒಂದು ಸಂಖ್ಯೆ ಜಗತ್ತೆಲ್ಲ ಓಡಾಡಿತು.

ಇದರ ಕೆಳಗಿನ ಸಂಖ್ಯೆ ಯಾರೂ ಹೇಳಲಿಲ್ಲ. 12 ವರ್ಷ ದಾಟಿದವರಲ್ಲಿ ಲಸಿಕೆ ಪಡೆದವರು ಸುಮಾರು 56 ಲಕ್ಷ, ಪಡೆಯದವರು ಸುಮಾರು 13 ಲಕ್ಷ. ಭಾಗಿಸಿದರೆ ಲಸಿಕೆ ಇಲ್ಲದವರಲ್ಲಿ ಲಕ್ಷಕ್ಕೆ 16.4 ಜನ ಗಂಭೀರ, ಇರುವವರಲ್ಲಿ 5.3. ಮೂರು ಪಟ್ಟು ವ್ಯತ್ಯಾಸ. ಇಲ್ಲಿಗೇ ನಿಲ್ಲಿಸಬೇಡಿ, ಇನ್ನೊಂದು ಹೆಜ್ಜೆ ಇದೆ, ನನಗೆ ಅತಿ ಇಷ್ಟವಾದದ್ದೂ ಅದೇ. ವಯಸ್ಸು ಬೇರೆ ಮಾಡಿ. 50ರ ಒಳಗಿನವರಲ್ಲಿ ಲಸಿಕೆ ಇಲ್ಲದವರು ಲಕ್ಷಕ್ಕೆ 3.9, ಇರುವವರು 0.3. ಹತ್ತಕ್ಕೂ ಹೆಚ್ಚು ಪಟ್ಟು. 50 ದಾಟಿದವರಲ್ಲಿ ಲಸಿಕೆ ಇಲ್ಲದವರು 91.9, ಇರುವವರು 13.6. ಆರು ಪಟ್ಟಿಗೂ ಜಾಸ್ತಿ.

ಇದನ್ನು ಹಲಗೆಯ ಮೇಲೆ ಬರೆದ ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಬೇರೆ ಬೇರೆ ನೋಡಿದರೆ ಹತ್ತು ಪಟ್ಟು, ಆರು ಪಟ್ಟು. ಕೂಡಿಸಿದರೆ ಮೂರೇ ಪಟ್ಟು. ಕೂಡಿಸಿದಾಗ ಇವೆರಡರ ನಡುವೆ ಬರಬೇಕಿತ್ತು ಅಲ್ವಾ?" ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನ್ನ ತರಗತಿಯಲ್ಲಿ ಯಾರೂ ಕೇಳಿಲ್ಲ. ಉತ್ತರವನ್ನೂ ಅವಳೇ ಹತ್ತು ನಿಮಿಷದಲ್ಲಿ ಹುಡುಕಿದಳು. ಲಸಿಕೆ ಪಡೆಯದ 13 ಲಕ್ಷ ಜನರಲ್ಲಿ 11 ಲಕ್ಷಕ್ಕೂ ಹೆಚ್ಚು ಜನ 50ರ ಒಳಗಿನವರು. ಅವರಿಗೆ ಮೊದಲೇ ಅಪಾಯ ಕಡಿಮೆ. ಲಸಿಕೆ ಪಡೆದವರ ಗುಂಪಿನಲ್ಲಿ 50 ದಾಟಿದವರೇ 21 ಲಕ್ಷ. ಅವರಿಗೆ ಅಪಾಯ ಜಾಸ್ತಿ, ಅದಕ್ಕೇ ಅವರಿಗೆ ಮೊದಲು ಕೊಟ್ಟರು. ಹಾಗಾಗಿ ಎಲ್ಲರನ್ನೂ ಒಂದೇ ರಾಶಿಗೆ ಹಾಕಿದರೆ ನಾವು ಹೋಲಿಸುವುದು ಲಸಿಕೆ ಇರುವ ಅಜ್ಜ ಅಜ್ಜಿಯರನ್ನು ಲಸಿಕೆ ಇಲ್ಲದ ಹುಡುಗರ ಜೊತೆ.

ಈಗ ನಿಮ್ಮ ಅಣ್ಣನ ವಿಷಯ. ಅವರಿಗೆ ಟೆಸ್ಟ್ ಮಾಡಿಸಿದ್ದಿರಾ? ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಿಗುವ ಉತ್ತರ ಹೆಚ್ಚಾಗಿ ಇಲ್ಲ ಎಂದೇ. ಲಕ್ಷಣವೇ ಇಲ್ಲದೆ ಬಂದು ಹೋಗಿರಬಹುದು. ಅದಕ್ಕೂ ಹಿಂದೆ ಒಮ್ಮೆ ಬಂದು, ಅದರಿಂದಲೇ ಒಂದಷ್ಟು ರಕ್ಷಣೆ ಸಿಕ್ಕಿರಬಹುದು. ನೀವೆಲ್ಲ ಹಾಸಿಗೆ ಹಿಡಿದಾಗ ಅವರು ಬೇರೆ ಕೋಣೆಯಲ್ಲಿ ಇದ್ದಿರಬಹುದು. ಒಬ್ಬರ ಲೆಕ್ಕದಲ್ಲಿ ಇವನ್ನೆಲ್ಲ ಬೇರೆ ಮಾಡಲು ಬರುವುದಿಲ್ಲ.

ಒಂದು ಮಾತು ಒಪ್ಪಿಕೊಂಡೇ ಮುಂದೆ ಹೋಗಬೇಕು. ಆ 13.6ರಲ್ಲಿ ಒಬ್ಬೊಬ್ಬರೂ ಯಾರದೋ ಅಪ್ಪ, ಯಾರದೋ ಅಜ್ಜಿ. ಎರಡು ಡೋಸ್ ಆದ ಮೇಲೂ ಮನೆಯವರನ್ನು ಕಳೆದುಕೊಂಡವರು ನನಗೆ ಬರೆದಿದ್ದಾರೆ. ಅವರಿಗೆ ನಾನು ಈ ಲೆಕ್ಕ ಹೇಳುವುದಿಲ್ಲ. ತುಂಬಾ ವಯಸ್ಸಾದವರಲ್ಲಿ, ಅಂಗಾಂಗ ಕಸಿ ಆದವರಲ್ಲಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಲ್ಲಿ ಲಸಿಕೆಗೆ ದೇಹ ಸರಿಯಾಗಿ ಸ್ಪಂದಿಸದೇ ಇರಬಹುದು. ಅವರ ಸುತ್ತ ಇರುವ ನಾವು ನೆಗಡಿ ಬಂದಾಗ ದೂರ ಇರಬೇಕು, ಮಾಸ್ಕ್ ಹಾಕಬೇಕು. ಲಸಿಕೆ ಪಡೆದವರಿಂದಲೂ ಹರಡುತ್ತದೆ ಎಂದು ಮೇಲೆ ಹೇಳಿದ್ದು ಇದಕ್ಕೇ.

ಇಲ್ಲಿಗೆ ಕೇಳಿದ ಪ್ರಶ್ನೆ ಮುಗಿಯಿತು. ಆದರೆ ಯಾರೂ ನೇರವಾಗಿ ಕೇಳದ ಇನ್ನೊಂದು ಪ್ರಶ್ನೆ ಇದರ ಹಿಂದೆಯೇ ಇದೆ, ಅದನ್ನು ಹೇಳದೆ ಬಿಡಲು ಮನಸ್ಸಿಲ್ಲ. ದಡಾರದ ಲಸಿಕೆ ಚಿಕ್ಕಂದಿನಲ್ಲಿ ಹಾಕಿಸಿದರೆ ಜೀವನಪೂರ್ತಿ ಸಾಕಾಗುತ್ತದೆ. ಇದು ಯಾಕೆ ಹಾಗಲ್ಲ?

ಒಂದು ಕಾರಣ ದಡಾರದ ವೈರಸ್ ಹೆಚ್ಚು ಬದಲಾಗುವುದಿಲ್ಲ. ಇನ್ನೊಂದು ಕಾರಣ ಸಮಯ. ದಡಾರದ ವೈರಸ್ ಒಳಗೆ ಬಂದು, ರಕ್ತದಲ್ಲಿ ಹರಡಿ, ಜ್ವರ ಕಾಣಿಸಲು ಸುಮಾರು ಹತ್ತು ದಿನ ಬೇಕು. ನೆನಪಿನ ಕೋಶಗಳಿಗೆ ಹತ್ತು ದಿನ ಧಾರಾಳ. ಹೆಪಟೈಟಿಸ್ ಬಿ ಇನ್ನೂ ಚೆನ್ನಾಗಿ ತೋರಿಸುತ್ತದೆ. ಅದು ಲಕ್ಷಣ ತೋರಿಸಲು ಎರಡರಿಂದ ಐದು ತಿಂಗಳು ತೆಗೆದುಕೊಳ್ಳುತ್ತದೆ. ಲಸಿಕೆ ಪಡೆದು ವರ್ಷಗಳಾದ ಮೇಲೆ ಎಷ್ಟೋ ಜನರ ರಕ್ತದಲ್ಲಿ ಅದರ ಪ್ರತಿಕಾಯ ಅಳತೆಗೆ ಸಿಗದಷ್ಟು ಇಳಿದಿರುತ್ತದೆ, ಆದರೂ ಅವರಿಗೆ ರೋಗ ಬರುವುದಿಲ್ಲ. ನೆನಪಿನ ಕೋಶಗಳು ನಿಧಾನವಾಗಿ ಎದ್ದರೂ ಸಮಯಕ್ಕೆ ಮುಟ್ಟುತ್ತವೆ. ಕೋವಿಡ್‌ನಲ್ಲಿ ಗಂಟಲಿಗೆ ತಡವಾಗಿ, ಶ್ವಾಸಕೋಶಕ್ಕೆ ಸಮಯಕ್ಕೆ ಸರಿಯಾಗಿ ಮುಟ್ಟುತ್ತವೆ. "ಪ್ರತಿಕಾಯ ಟೆಸ್ಟ್ ಮಾಡಿಸಿದೆ, ತುಂಬಾ ಕಡಿಮೆ ಬಂದಿದೆ" ಎಂದು ವರದಿ ಹಿಡಿದು ಹೆದರುವವರು ಇದನ್ನು ಎರಡು ಸಲ ಓದಿ. ಆ ವರದಿ ನೆನಪಿನ ಕೋಶಗಳನ್ನು ಎಣಿಸುವುದಿಲ್ಲ.

ಕೊನೆಗೆ ನಿಮ್ಮ ಪತ್ರಕ್ಕೇ ಬರುತ್ತೇನೆ. ಅಮ್ಮನ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. 68 ವರ್ಷ, ಶುಗರ್, ನಾಲ್ಕು ದಿನದಲ್ಲಿ ಎದ್ದರು. 2020ರಲ್ಲಿ ಇಂಥ ವಯಸ್ಸಿನ, ಇಂಥ ಕಾಯಿಲೆ ಇರುವ ತಾಯಿಗೆ ಪಾಸಿಟಿವ್ ಬಂದರೆ ಮನೆಯವರು ರಾತ್ರಿಯೆಲ್ಲ ಆಕ್ಸಿಮೀಟರ್ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು. ಅವರ ಕೆಮ್ಮು ಮೂರು ವಾರ ದಾಟಿದ್ದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ. ಶುಗರ್ ಕೂಡ ಒಮ್ಮೆ ನೋಡಿಸಿ, ಸೋಂಕು ಬಂದಾಗ ಅದು ಏರುತ್ತದೆ. ಅಣ್ಣನ ವಯಸ್ಸು ನೀವು ಬರೆದಿಲ್ಲ. 60 ದಾಟಿದ್ದರೆ, ಅಥವಾ ಅಮ್ಮನ ಹಾಗೆ ಅವರಿಗೂ ಶುಗರ್ ಇದ್ದರೆ, ಅದೇ ದಿನ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ ಲಸಿಕೆಯ ಬಗ್ಗೆ ವಿಚಾರಿಸಿ.