ಸೀಲ್ ಹರಿಯುವ ಮುಂಚೆ ಹತ್ತು ನಿಮಿಷ

ಕೆಲವು ತಿಂಗಳ ಹಿಂದೆ ಒಂದು ಸಂಜೆ ಜಗಳೂರಿನಿಂದ ಒಬ್ಬ ಮೇಷ್ಟ್ರು ಬಸ್ಸಿನಲ್ಲಿ ನಮ್ಮ ಅಂಗಡಿಗೆ ಬಂದರು. ಕೈಯಲ್ಲಿ ಸಣ್ಣ ರಟ್ಟಿನ ಡಬ್ಬಿ. ಒಳಗೆ ಕಂಪ್ಯೂಟರ್ ಓಡುವಾಗ ಬಳಸುವ ಮೆಮೊರಿ ಪಟ್ಟಿ, 16 ಜಿಬಿ ರ‍್ಯಾಮ್. ಮಗಳ ಲ್ಯಾಪ್‌ಟಾಪಿಗೆ ಅಂತ ಆನ್‌ಲೈನಿನಲ್ಲಿ ತರಿಸಿದ್ದರು. "ಎಷ್ಟು ಒತ್ತಿದರೂ ಕೂರ್ತಾ ಇಲ್ಲ, ನೀವೇ ಒಂದ್ಸಲ ಹಾಕಿಕೊಡಿ" ಅಂದರು.

ಟೇಬಲ್ ಲೈಟಿನ ಕೆಳಗೆ ಹಿಡಿದು ನೋಡಿದೆ. ಚಿನ್ನದ ಬಣ್ಣದ ಪಿನ್ನುಗಳ ಸಾಲಿನಲ್ಲಿ ಎರಡು ಕಡೆ ಗೀರು ಬಿದ್ದಿತ್ತು. ಲ್ಯಾಪ್‌ಟಾಪ್ ಡಿಡಿಆರ್4ರದ್ದು. ತರಿಸಿದ್ದು ಡಿಡಿಆರ್5, ಅಂದರೆ ಅದರ ಮುಂದಿನ ತಲೆಮಾರಿನದು. ಎರಡರ ಉದ್ದವೂ ಒಂದೇ, ದೂರದಿಂದ ನೋಡಿದರೆ ಅಣ್ಣ ತಮ್ಮ ಇದ್ದ ಹಾಗೆ. ಆದರೆ ನಡುವಿನ ಕಚ್ಚು ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ತಪ್ಪು ರ‍್ಯಾಮ್ ಒಳಗೆ ಹೋಗಬಾರದು ಅಂತಲೇ ಆ ಕಚ್ಚು ಇಟ್ಟಿರುವುದು.

"ಹಂಗಾದ್ರೆ ವಾಪಸ್ ಕಳಿಸೋಣ, ಅಲ್ವಾ?" ಅಂದರು ಮೇಷ್ಟ್ರು. ಡಬ್ಬಿ ತಿರುಗಿಸಿದೆ. ಸೀಲ್ ಸ್ಟಿಕ್ಕರ್ ಅಡ್ಡಾದಿಡ್ಡಿ ಹರಿದಿತ್ತು. ಒಳಗಿನ ಪ್ಲಾಸ್ಟಿಕ್ ತಟ್ಟೆ ಮನೆಯ ಕಸದ ಬುಟ್ಟಿ ಸೇರಿತ್ತು.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಶುರು ಮಾಡಿ ಹದಿನೇಳು ವರ್ಷವಾಯಿತು. ಆನ್‌ಲೈನಿನಲ್ಲಿ ಬಂದ ತಪ್ಪು ಪಾರ್ಟ್ ಹಿಡಿದುಕೊಂಡು ಯಾರಾದರೂ ಬಾಗಿಲಿಗೆ ಬರದ ವಾರವೇ ಇಲ್ಲ. ಇಂಜಿನಿಯರಿಂಗ್ ಹುಡುಗರು, ಬ್ಯಾಂಕಿನವರು, ಚನ್ನಗಿರಿಯ ಅಡಿಕೆ ತೋಟದವರು, ಎಲ್ಲರೂ ಬರುತ್ತಾರೆ. ತಪ್ಪು ಆರ್ಡರ್ ಮಾಡುವುದು ದಡ್ಡತನ ಅಲ್ಲ. ಹೆಸರುಗಳೇ ಹಾಗಿವೆ. ನನಗೆ ಹೊಟ್ಟೆ ಚುರ್ ಅನ್ನುವುದು ಬೇರೆ ಕಾರಣಕ್ಕೆ. ಹತ್ತರಲ್ಲಿ ಏಳೆಂಟು ಸಲ ಆ ಪಾರ್ಟ್ ಸುಲಭವಾಗಿ ವಾಪಸ್ ಹೋಗಬಹುದಿತ್ತು. ಡಬ್ಬಿ ತೆಗೆದ ರೀತಿಯಿಂದಲೇ ಅದು ಕೈತಪ್ಪಿರುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ, ಅಲ್ಲೇ ಜಾಸ್ತಿ ಗೊಂದಲ ಇರುವುದು. "ಆನ್‌ಲೈನಿನಲ್ಲಿ ತಗೊಂಡಿದ್ದು ಯಾವುದಾದರೂ ವಾಪಸ್ ತಗೊಳ್ಳಲೇಬೇಕು" ಅಂತ ತುಂಬಾ ಜನ ನಂಬಿದ್ದಾರೆ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಆನ್‌ಲೈನಿನಲ್ಲಿ ಕೊಂಡ ಹೆಚ್ಚಿನ ಸಾಮಾನನ್ನು 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡುವ ಹಕ್ಕಿದೆ. ನಮ್ಮಲ್ಲಿ ಹಾಗಿಲ್ಲ. ನಮ್ಮದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಅದರ ಕೆಳಗೆ 2020ರ ಜುಲೈಯಲ್ಲಿ ಬಂದ ಇ-ಕಾಮರ್ಸ್ ನಿಯಮಗಳು. ಮಾಲು ಕೆಟ್ಟಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣ ಅದರಲ್ಲಿ ಇಲ್ಲದಿದ್ದರೆ ಮಾರಿದವರು ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. ಆದರೆ ಮಾಲು ಸರಿಯಿದ್ದು, ನಿಮ್ಮ ಕಂಪ್ಯೂಟರಿಗೆ ಹೊಂದದೆ ಹೋದರೆ? ಅದು ಅವರವರ ರಿಟರ್ನ್ ಪಾಲಿಸಿಗೆ ಬಿಟ್ಟ ವಿಷಯ. ಅದಕ್ಕೇ ಆರ್ಡರ್ ಒತ್ತುವ ಮುಂಚೆ ಬೆಲೆಯ ಆಸುಪಾಸಿನಲ್ಲಿ ಸಣ್ಣಕ್ಷರದಲ್ಲಿ ಇರುವ ಆ ಸಾಲನ್ನು ಓದಿ. "ರಿಟರ್ನ್" ಅಂತ ಇದೆಯೋ, "ರೀಪ್ಲೇಸ್‌ಮೆಂಟ್ ಮಾತ್ರ" ಅಂತ ಇದೆಯೋ? ಕಂಪ್ಯೂಟರ್ ಪಾರ್ಟುಗಳಿಗೆ ಎರಡನೆಯದೇ ಜಾಸ್ತಿ.

ರೀಪ್ಲೇಸ್‌ಮೆಂಟ್ ಅಂದರೆ ಅದೇ ಮಾಲು ಇನ್ನೊಂದು ಬರುತ್ತದೆ, ಅಷ್ಟೇ. ನಿಟ್ಟುವಳ್ಳಿಯ ಒಬ್ಬ ಹುಡುಗ ಹೊಂದದ ರ‍್ಯಾಮ್ ಬಂದಾಗ ಆ್ಯಪಿನಲ್ಲಿ "ಕೆಟ್ಟಿದೆ" ಅಂತ ಒತ್ತಿದ. ನಾಲ್ಕನೇ ದಿನಕ್ಕೆ ಅದೇ ತಪ್ಪು ರ‍್ಯಾಮ್ ಮತ್ತೆ ಬಂತು. ಹಳೆಯದನ್ನು ತಗೊಂಡು ಹೋದರು, ವಾಪಸಿನ ಅವಧಿಯೂ ಮುಗಿಯಿತು. ಸುಳ್ಳು ಹೇಳಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಒಂದು, ಅದರಿಂದ ದುಡ್ಡು ಬರಲ್ಲ. ಎರಡು, ವಾಪಸ್ ಹೋದ ಪಾರ್ಟನ್ನು ಟೆಸ್ಟ್ ಮಾಡಿದರೆ ಅದು ಚೆನ್ನಾಗಿ ಓಡುತ್ತದೆ, ಆಮೇಲೆ ನಿಮ್ಮ ಮಾತಿಗೆ ಬೆಲೆ ಇರಲ್ಲ. "ತಪ್ಪಾಗಿ ಆರ್ಡರ್ ಮಾಡಿದೆ, ಸೀಲ್ ಒಡೆದಿಲ್ಲ, ಫೋಟೋ ಕಳಿಸಿದ್ದೇನೆ" ಅಂತ ಮಾರಾಟಗಾರರಿಗೆ ನೇರವಾಗಿ ಬರೆದಾಗ ಪಾಲಿಸಿಯಲ್ಲಿ ಇಲ್ಲದಿದ್ದರೂ ಒಪ್ಪಿಕೊಂಡವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಸೀಲ್ ಇರುವ ಡಬ್ಬಿಯನ್ನು ಅವರು ಇನ್ನೊಬ್ಬರಿಗೆ ಹೊಸದು ಅಂತಲೇ ಮಾರಬಹುದಲ್ಲ.

ಹಾಗೆಯೇ, ತಪ್ಪು ನಿಮ್ಮದೇ ಹೌದೋ ಅಂತಲೂ ನೋಡಿ. ಮಾರುವ ಪುಟದಲ್ಲಿ ನಿಮ್ಮ ಲ್ಯಾಪ್‌ಟಾಪ್ ಮಾಡೆಲ್ ನಂಬರ್ ಹಾಕಿ "ಇದಕ್ಕೆ ಹೊಂದುತ್ತದೆ" ಅಂತ ಬರೆದಿದ್ದು, ಅದು ಹೊಂದದಿದ್ದರೆ ಅದು "ಜಾಹೀರಾತಿನಲ್ಲಿ ಹೇಳಿದಂತಿಲ್ಲ" ಅನ್ನುವ ಲೆಕ್ಕ. ಬ್ಯಾಟರಿ, ಚಾರ್ಜರ್, ಲ್ಯಾಪ್‌ಟಾಪ್ ಡಿಸ್‌ಪ್ಲೇಗಳಲ್ಲಿ ಇದು ತುಂಬಾ ಆಗುತ್ತದೆ. 15.6 ಇಂಚು ಅಂತ ಇರುತ್ತದೆ, ಬಂದಿದ್ದು 40 ಪಿನ್ನಿನದು, ನಿಮ್ಮದು 30 ಪಿನ್. ಆ ಪುಟದ ಸ್ಕ್ರೀನ್‌ಶಾಟ್ ಅವತ್ತೇ ತೆಗೆದಿಡಿ. ಆಮೇಲೆ ಪುಟ ಬದಲಾಗಿರಬಹುದು.

ಈಗ ಡಬ್ಬಿ ಬಂತು ಅಂದುಕೊಳ್ಳಿ. ಕತ್ತರಿ ತಗೊಳ್ಳಬೇಡಿ. ಹೊರಗಿನ ಕೊರಿಯರ್ ಕವರ್ ತೆಗೆಯಿರಿ, ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ, ವಿಳಾಸದ ಚೀಟಿ ಕಾಣಲಿ. ಒಳಗಿನ ಕಂಪನಿ ಡಬ್ಬಿಯನ್ನು ಮಾತ್ರ ಮುಟ್ಟಬೇಡಿ. ಹೊಂದುತ್ತದೋ ಇಲ್ಲವೋ ತಿಳಿಯಲು ಬೇಕಾದ ಮಾಹಿತಿ ಬಹುಮಟ್ಟಿಗೆ ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ಅದರ ಜೊತೆ ಹೋಲಿಸಿ ನೋಡುವುದಕ್ಕೆ ನಿಮ್ಮ ಕಂಪ್ಯೂಟರೇ ಬೇಕು.

ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಕೆಳಗೆ ಸ್ಪೀಡ್, ಎಷ್ಟು ಸ್ಲಾಟ್ ಬಳಕೆಯಲ್ಲಿದೆ, ಫಾರ್ಮ್ ಫ್ಯಾಕ್ಟರ್ ಎಲ್ಲಾ ಕಾಣುತ್ತದೆ. ಸ್ಲಾಟಿನಲ್ಲಿ ಕೂರುವ ರ‍್ಯಾಮ್ ಆಗಿದ್ದು ಸ್ಪೀಡ್ 2400, 2666 ಅಥವಾ 3200 ಇದ್ದರೆ ಅದು ಡಿಡಿಆರ್4. 4800, 5600 ಅಂತಿದ್ದರೆ ಡಿಡಿಆರ್5. ಫಾರ್ಮ್ ಫ್ಯಾಕ್ಟರ್ ಎದುರು "ರೋ ಆಫ್ ಚಿಪ್ಸ್" ಅಂತ ಬಂದರೆ ರ‍್ಯಾಮನ್ನು ಕಂಪ್ಯೂಟರಿನ ಮುಖ್ಯ ಬೋರ್ಡಿಗೇ (ಮದರ್‌ಬೋರ್ಡ್) ಬೆಸುಗೆ ಹಾಕಿದ್ದಾರೆ ಅಂತ ಅರ್ಥ. ಖಾಲಿ ಸ್ಲಾಟ್ ಬೇರೆ ಇಲ್ಲದಿದ್ದರೆ ಯಾವ ರ‍್ಯಾಮ್ ತಂದರೂ ಪ್ರಯೋಜನವಿಲ್ಲ. ಈ ಒಂದು ಪರದೆ ನೋಡಿದ್ದರೆ ಮೇಷ್ಟ್ರು ಬಸ್ ಹತ್ತಬೇಕಾಗಿರಲಿಲ್ಲ.

ಫೈಲುಗಳನ್ನು ಉಳಿಸಿಡುವ ಎಸ್‌ಎಸ್‌ಡಿಯದು ಇನ್ನೂ ಸಿಕ್ಕುಸಿಕ್ಕು. ಎಂ.2 ಅನ್ನುವುದು ಆಕಾರದ ಹೆಸರು ಮಾತ್ರ. ಒಳಗೆ ಓಡುವುದು ಸಾಟಾ ಇರಬಹುದು, ಎನ್‌ವಿಎಂಇ ಇರಬಹುದು. ಕಂಪ್ಯೂಟರಿನ ಜೊತೆ ಮಾತಾಡುವ ಎರಡು ಬೇರೆ ಭಾಷೆ ಇದ್ದ ಹಾಗೆ ಅವು. ಸಾಟಾ ಎಂ.2ಗೆ ಸಾಮಾನ್ಯವಾಗಿ ಎರಡು ಕಚ್ಚು, ಎನ್‌ವಿಎಂಇಗೆ ಒಂದು. ಕೆಲವು ಹಳೆಯ ಲ್ಯಾಪ್‌ಟಾಪುಗಳಲ್ಲಿ ಎನ್‌ವಿಎಂಇ ಸರಿಯಾಗಿ ಕೂರುತ್ತದೆ, ಸ್ಕ್ರೂ ಕೂಡ ಹಾಕಬಹುದು, ಆದರೆ ಸ್ಲಾಟಿಗೆ ಸಾಟಾ ಮಾತ್ರ ಗೊತ್ತಿರುವುದರಿಂದ ಬಯಾಸಿನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಬೋರ್ಡಿನ ತಂತ್ರಾಂಶದಲ್ಲಿ, ಅದು ಕಾಣುವುದೇ ಇಲ್ಲ. ಇನ್ನು 2280, 2242, 2230 ಅನ್ನುವ ಅಂಕಿಗಳು ಅಳತೆ. ಮೊದಲ ಎರಡು ಅಂಕಿ ಅಗಲ, 22 ಮಿಲಿಮೀಟರ್. ಉಳಿದದ್ದು ಉದ್ದ.

ಪ್ರೊಸೆಸರ್ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಇಂಟೆಲ್‌ನ ಎಂಟನೇ ತಲೆಮಾರು 2017ರಲ್ಲಿ ಡೆಸ್ಕ್‌ಟಾಪಿಗೆ ಬಂದಾಗ ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು ಹಳೆಯದೇ ಇತ್ತು, ಎಲ್‌ಜಿಎ 1151. ಗಿರಾಕಿಯ ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್ ತರಿಸಿದೆ. ಅಂದವಾಗಿ ಕೂತಿತು, ಲಿವರ್ ಮುಚ್ಚಿತು, ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪು. ಹೊಸ ಪ್ರೊಸೆಸರಿಗೆ 300 ಸರಣಿಯ ಚಿಪ್‌ಸೆಟ್ ಇರುವ ಬೋರ್ಡೇ ಬೇಕಿತ್ತು. ಶಾಖ ಇಳಿಸುವ ಪೇಸ್ಟ್ ಹಚ್ಚಿದ ಪ್ರೊಸೆಸರನ್ನು ಯಾರೂ ವಾಪಸ್ ತಗೊಳ್ಳಲಿಲ್ಲ. ಅವತ್ತಿನಿಂದ ಸಾಕೆಟ್ ಹೆಸರಿನ ಮೇಲೆ ನಾನು ನಂಬಿಕೆ ಇಟ್ಟಿಲ್ಲ. ಬೋರ್ಡ್ ಕಂಪನಿಯವರು ತಮ್ಮ ತಾಣದಲ್ಲಿ ಪ್ರತಿ ಮಾಡೆಲಿಗೂ ಯಾವ ಪ್ರೊಸೆಸರ್ ಹೊಂದುತ್ತದೆ ಅನ್ನುವ ಪಟ್ಟಿ ಹಾಕಿರುತ್ತಾರೆ. ಅದನ್ನೇ ನೋಡುತ್ತೇನೆ.

ಅದೇ ಪಟ್ಟಿಯಲ್ಲಿ ಬಯಾಸ್ ಆವೃತ್ತಿ ಕೂಡ ಇರುತ್ತದೆ. ಇದು ಮುಖ್ಯ, ಯಾಕೆಂದರೆ ವಾಪಸ್ ಕಳಿಸಲು ಹೊರಟ ಎಷ್ಟೋ ಪಾರ್ಟುಗಳು ನಿಜವಾಗಿ ಹೊಂದುತ್ತವೆ. ಎಎಂಡಿಯ ಬಿ450 ಬೋರ್ಡಿಗೆ ರೈಜೆನ್ 5000 ಸರಣಿಯ ಪ್ರೊಸೆಸರ್ ಹಾಕಿದರೆ ಹಳೆಯ ಬಯಾಸಿನಲ್ಲಿ ಆನ್ ಆಗುವುದಿಲ್ಲ. ಹಳೆಯ ಪ್ರೊಸೆಸರ್ ಹಾಕಿ ಬಯಾಸ್ ಅಪ್‌ಡೇಟ್ ಮಾಡಿದರೆ ಮುಗಿಯಿತು. ಹೊಸ ಎಸ್‌ಎಸ್‌ಡಿ "ಮೈ ಕಂಪ್ಯೂಟರ್"ನಲ್ಲಿ ಕಾಣುತ್ತಿಲ್ಲ ಅಂತ ಬರುವವರಂತೂ ಲೆಕ್ಕವಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಇನಿಷಿಯಲೈಸ್ ಮಾಡಿ, ಫಾರ್ಮ್ಯಾಟ್ ಮಾಡಿದರೆ ಕಾಣುತ್ತದೆ. ಐದು ನಿಮಿಷದ ಕೆಲಸ. ಅದಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ.

ಮದರ್‌ಬೋರ್ಡ್ ವಾಪಸ್ ಕಳಿಸುವವರಿಗೆ ಕೈಮುಗಿದು ಒಂದು ಮಾತು. ಇಂಟೆಲ್‌ನ ಬೋರ್ಡುಗಳಲ್ಲಿ, ಎಎಂಡಿಯ ಎಎಂ5 ಬೋರ್ಡುಗಳಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲಿ ಇರುವುದಿಲ್ಲ, ಸಾಕೆಟ್ಟಿನಲ್ಲೇ ಇರುತ್ತವೆ. ಎಲ್‌ಜಿಎ 1700 ಅಂದರೆ ಅಷ್ಟೂ 1700 ಪಿನ್. ಕೂದಲಿನಷ್ಟು ಸಣ್ಣವು, ಎಲ್ಲಾ ಒಂದೇ ಕಡೆಗೆ ಬಾಗಿ ಮಲಗಿರುತ್ತವೆ. ಬೆರಳು ತಾಗಿದರೆ ಒಂದೆರಡು ಸೊಟ್ಟಗಾಗುತ್ತವೆ, ಬರಿಗಣ್ಣಿಗೆ ಗೊತ್ತಾಗಲ್ಲ. ಲೈಟನ್ನು ಓರೆಯಾಗಿ ಹಿಡಿದರೆ ಸಾಲು ತಪ್ಪಿದ ಪಿನ್ ಬೇರೆ ಥರ ಹೊಳೆಯುತ್ತದೆ. ಅದನ್ನು ಕಾಪಾಡಲೆಂದೇ ಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಜನ ಮೊದಲು ಬಿಸಾಡುವುದೇ ಅದನ್ನು. ಮುಚ್ಚಳ ಇಲ್ಲದ ಬೋರ್ಡನ್ನು ವಾಪಸ್ ತಗೊಳ್ಳುವುದು ಕಷ್ಟ, ತಗೊಂಡರೂ ದಾರಿಯಲ್ಲೇ ಪಿನ್ ಬಾಗಿ ಆ ಹೊಣೆ ನಿಮ್ಮ ಮೇಲೆ ಬರುತ್ತದೆ.

ಡಬ್ಬಿ ತೆಗೆದಾಗಿದ್ದರೆ, ಪಿಕಪ್ ಹುಡುಗ ಬರುವ ಮುಂಚೆ ಪಾರ್ಟಿನ ಮೇಲಿನ ಸೀರಿಯಲ್ ನಂಬರ್, ಡಬ್ಬಿಯ ಮೇಲಿನ ಸೀರಿಯಲ್ ನಂಬರ್ ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆದಿಡಿ. ಅವನಿಗೆ ರ‍್ಯಾಮ್ ಯಾವುದು ಎಸ್‌ಎಸ್‌ಡಿ ಯಾವುದು ಗೊತ್ತಿರಬೇಕು ಅಂತೇನಿಲ್ಲ, ಅವನು ನೋಡುವುದು ಫೋಟೋಗೆ ಹೊಂದುತ್ತದೋ, ಸೀಲ್ ಇದೆಯೋ ಅಂತ. ಅವನ ಮೇಲೆ ರೇಗಬೇಡಿ. ಅವನಿಗೆ ಓಟಿಪಿ ಹೇಳಿದ ಮೇಲೂ ಆ್ಯಪಿನಲ್ಲಿ "ಪಿಕಪ್ ಆಗಿದೆ" ಅಂತ ಬರುವ ತನಕ ಸುಮ್ನೆ ಒಳಗೆ ಹೋಗಬೇಡಿ.

ನಿಮ್ಮ ಕಡೆ ನ್ಯಾಯ ಇದ್ದೂ ದುಡ್ಡು ಬರದಿದ್ದರೆ, ಅಂದರೆ ಮಾಲು ಹೇಳಿದಂತಿಲ್ಲದಿದ್ದರೆ, ಮೊದಲು ಆ ತಾಣದ ದೂರು ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ದೂರು ಮುಟ್ಟಿದೆ ಅಂತ ಹೇಳಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು ಅಂತ ನಿಯಮವಿದೆ. ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಿದವರು ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾಲಿನ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು.

ಮೇಷ್ಟ್ರ ರ‍್ಯಾಮ್ ವಾಪಸ್ ಹೋಗಲಿಲ್ಲ. ಗೀರು ಬಿದ್ದ ಪಿನ್ ನೋಡಿ ಮಾರಾಟಗಾರರು ಆಗಲ್ಲ ಅಂದರು, ಅದು ಅವರ ತಪ್ಪಲ್ಲ. ನಾನು ಬೇರೆ ಲ್ಯಾಪ್‌ಟಾಪಿಗೆ ಹಾಕಿ ರಾತ್ರಿಯಿಡೀ ಟೆಸ್ಟ್ ಓಡಿಸಿದೆ, ಒಂದೂ ತಪ್ಪು ಬರಲಿಲ್ಲ. ಗೀರು ತೋರಿಸಿಯೇ ವಿದ್ಯಾನಗರದ ಒಬ್ಬ ವಿದ್ಯಾರ್ಥಿಗೆ ಕಡಿಮೆ ಬೆಲೆಗೆ ಕೊಡಿಸಿದೆ. ಮೇಷ್ಟ್ರಿಗೆ ಸಾವಿರದ ಚಿಲ್ಲರೆ ಕೈಬಿಟ್ಟಿತು.

ಹೋದ ವಾರ ಅವರಿಂದ ವಾಟ್ಸ್ಆ್ಯಪಿನಲ್ಲಿ ಮೂರು ಫೋಟೋ ಬಂದವು. ಎಸ್‌ಎಸ್‌ಡಿ ಡಬ್ಬಿಯ ಮುಂದೆ, ಹಿಂದೆ, ಆಮೇಲೆ ಸೀಲ್ ಸ್ಟಿಕ್ಕರ್ ಹತ್ತಿರದಿಂದ. ಕೆಳಗೆ ಬರೆದಿದ್ದರು: "ಇನ್ನೂ ತೆಗೆದಿಲ್ಲ. ನೋಡಿ ಹೇಳಿ." ಮಗಳ ಲ್ಯಾಪ್‌ಟಾಪಿನ ಮಾಡೆಲ್ ನನ್ನ ಪುಸ್ತಕದಲ್ಲಿತ್ತು. ಹೋಲಿಸಿ ನೋಡಿ ಉತ್ತರ ಹಾಕಿದೆ. "2280, ಎನ್‌ವಿಎಂಇ. ಸರಿಯಿದೆ, ತೆಗೀರಿ ಮೇಷ್ಟ್ರೇ."