ಜರ್ಮನಿಯಿಂದ ಅಮೆರಿಕಕ್ಕೆ ಹೋದ ಪೂರ್ವಜರ ಮೂಲವನ್ನು ಹುಡುಕುವುದು: ಊರು ಮತ್ತು ‘ಯೊಹಾನ್’ ತೊಡಕು

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ನಾಡುಗಳಿಂದ ಅಮೆರಿಕಕ್ಕೆ ವಲಸೆ ಹೋದವರ ವಂಶಾವಳಿಯನ್ನು ಹುಡುಕಲು ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಅಮೆರಿಕದ ಜನಗಣತಿಯಲ್ಲಿ ಕುಟುಂಬವನ್ನು ಗುರುತಿಸುವ ಬಗೆ ಓದುಗರಿಗೆ ತಿಳಿದಿದೆ ಎಂದು ಭಾವಿಸಿದ್ದೇನೆ.

‘ಜರ್ಮನಿಯಲ್ಲಿ ಜನನ’ ಎಂಬ ನಮೂದು ಒಂದೇ ಇದ್ದರೆ ಹುಡುಕಾಟ ಮುಂದೆ ಸಾಗುವುದಿಲ್ಲ. 1871ಕ್ಕೆ ಮೊದಲು ಅಲ್ಲಿದ್ದುದು ಪ್ರಷ್ಯ, ಬವೇರಿಯ, ಬಾಡೆನ್, ವ್ಯೂರ್ಟೆಂಬೆರ್ಗ್ ಮುಂತಾದ ಬೇರೆ ಬೇರೆ ರಾಜ್ಯಗಳು. (1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಅವರು ಹುಟ್ಟಿದ್ದೂ ವ್ಯೂರ್ಟೆಂಬೆರ್ಗ್ ರಾಜ್ಯದ ಬ್ರಾಕೆನ್‌ಹೈಮ್‌ನಲ್ಲಿ.) ಸರ್ಕಾರಿ ಜನನ-ಮರಣ ನೋಂದಣಿ ಇಡೀ ಜರ್ಮನಿಯಲ್ಲಿ ಜಾರಿಗೆ ಬಂದದ್ದು 1876ರ ಜನವರಿ 1ರಿಂದ. ಅದಕ್ಕೆ ಹಿಂದಿನ ಜನನ, ವಿವಾಹ, ಮರಣಗಳಿಗೆ ಹೆಚ್ಚಿನ ಕಡೆ ಆಯಾ ಊರಿನ ಚರ್ಚಿನ ಪುಸ್ತಕಗಳೇ ಆಧಾರ. ಆದ್ದರಿಂದ ಮೊದಲು ಊರಿನ ಹೆಸರು ಬೇಕು, ಮತ್ತು ಅದು ಬಹುಮಟ್ಟಿಗೆ ಅಮೆರಿಕದ ದಾಖಲೆಗಳಲ್ಲಿಯೇ ಸಿಗುತ್ತದೆ.

ನನ್ನ ದೃಷ್ಟಿಯಲ್ಲಿ ಅವುಗಳಲ್ಲಿ ಎಲ್ಲಕ್ಕಿಂತ ಫಲಕಾರಿಯಾದುದು ವಲಸಿಗರು ಸೇರಿದ್ದ ಜರ್ಮನ್ ಸಭೆಯ ಚರ್ಚಿನ ಪುಸ್ತಕ, ಅದರಲ್ಲಿಯೂ ಶವಸಂಸ್ಕಾರದ ನಮೂದು. ಏಕೆಂದರೆ ಜನಗಣತಿಯ ಗುಮಾಸ್ತನಿಗೆ ಬೇಡವಾಗಿದ್ದ ಹಳ್ಳಿಯ ಹೆಸರನ್ನು ಅದೇ ಭಾಷೆಯ ಪಾದ್ರಿ ಆಸಕ್ತಿಯಿಂದ ಬರೆದಿಡುತ್ತಿದ್ದರು. ಜರ್ಮನ್ ಪತ್ರಿಕೆಗಳ ಮರಣವಾರ್ತೆ, ಸಮಾಧಿ ಕಲ್ಲು ಅನಂತರದವು. ಪೌರತ್ವದ ಕಾಗದಗಳು 1906ರ ಸೆಪ್ಟೆಂಬರ್ ನಂತರದವಾದರೆ ಮಾತ್ರ ವಿವರವಾಗಿರುತ್ತವೆ. ಹಡಗು ಹ್ಯಾಂಬರ್ಗ್‌ನಿಂದ ಹೊರಟಿದ್ದರೆ ಅದೃಷ್ಟವೆನ್ನಬೇಕು: 1850ರಿಂದ 1934ರವರೆಗಿನ ಅಲ್ಲಿಯ ಪ್ರಯಾಣಿಕರ ಪಟ್ಟಿಗಳು ಬಹುಪಾಲು ಉಳಿದಿದ್ದು, ಹಿಂದೆ ವಾಸವಿದ್ದ ಊರನ್ನೂ ತಿಳಿಸುತ್ತವೆ. ಬ್ರೆಮೆನ್‌ನ ಹಳೆಯ ಪಟ್ಟಿಗಳು ಬಹುತೇಕ ನಾಶವಾಗಿವೆ. ಏನೂ ಸಿಗದಿದ್ದಾಗ ನೆರೆಹೊರೆಯವರನ್ನೂ ಮಕ್ಕಳ ಜ್ಞಾನ ತಂದೆತಾಯಿಯರನ್ನೂ (ದೀಕ್ಷಾಸ್ನಾನದಲ್ಲಿ, ಅಂದರೆ ಮಗುವನ್ನು ಚರ್ಚಿಗೆ ಸೇರಿಸುವ ವಿಧಿಯಲ್ಲಿ, ಸಾಕ್ಷಿಯಾಗಿ ನಿಲ್ಲುವವರನ್ನೂ) ಹುಡುಕಬೇಕು. ಒಂದೇ ಹಳ್ಳಿಯವರು ಒಟ್ಟಾಗಿ ನೆಲೆಸುವುದು ಸಾಮಾನ್ಯವಾಗಿತ್ತು.

ಊರಿನ ಹೆಸರು ಸಿಕ್ಕ ಮೇಲೆ ಅದನ್ನು ಮೇಯರ್ ಸ್ಥಳನಾಮ ಕೋಶದಲ್ಲಿ ನೋಡಬೇಕು. ಜರ್ಮನ್ ಸಾಮ್ರಾಜ್ಯದ ಕಾಲದ ಈ ಕೋಶವು ಊರು ಯಾವ ಜಿಲ್ಲೆಗೆ ಸೇರಿತ್ತು, ನೋಂದಣಿ ಕಚೇರಿ ಎಲ್ಲಿತ್ತು, ಊರಿಗೆ ಸ್ವಂತ ಚರ್ಚ್ ಇತ್ತೇ ಎಂಬುದನ್ನು ತಿಳಿಸುತ್ತದೆ. ಬ್ರೆಸ್ಲಾವ್, ಸ್ಟೆಟ್ಟಿನ್‌ಗಳಂತೆ ಇಂದು ಪೋಲೆಂಡಿನಲ್ಲಿರುವ ಊರುಗಳೂ ಅದರಲ್ಲಿವೆ.

ಇನ್ನು ನನ್ನನ್ನು ಬಹಳ ಕಾಡಿದ ವಿಷಯ. ಅನೇಕ ಕುಟುಂಬಗಳಲ್ಲಿ ದೀಕ್ಷಾಸ್ನಾನದ ಪುಸ್ತಕವನ್ನು ತೆರೆದರೆ ಗಂಡುಮಕ್ಕಳೆಲ್ಲರೂ ಯೊಹಾನ್‌ಗಳೇ: ಯೊಹಾನ್ ಗೆಯೋರ್ಗ್, ಯೊಹಾನ್ ಹೈನ್ರಿಖ್, ಯೊಹಾನ್ ಮಿಖಾಯೆಲ್. ಇಲ್ಲಿ ‘ಯೊಹಾನ್’ ಎಂಬುದು ದೀಕ್ಷಾಸ್ನಾನದಲ್ಲಿ ಸೇರಿಸುವ ಮುಂಭಾಗ ಮಾತ್ರ. ಮನೆಯಲ್ಲಿ ಕರೆಯುತ್ತಿದ್ದುದು ಎರಡನೆಯ ಹೆಸರಿನಿಂದ. ಹುಡುಗಿಯರಲ್ಲಿ ಆನ್ನಾ, ಮರಿಯಾ ಎಂಬ ಹೆಸರುಗಳು ಹೀಗೆಯೇ ಮುಂದೆ ಬರುತ್ತವೆ. ಆದ್ದರಿಂದ ಅಮೆರಿಕದಲ್ಲಿ ‘ಜಾರ್ಜ್’ ಆಗಿದ್ದವನನ್ನು ಸೂಚಿಯಲ್ಲಿ ಗೆಯೋರ್ಗ್ ಎಂದು ಹುಡುಕಿದರೆ ಸಿಗದಿರಬಹುದು. ಯೊಹಾನ್‌ಗಳ ನಡುವೆ ನೋಡಬೇಕು. ಅದೇ ವ್ಯಕ್ತಿಯ ವಿವಾಹದ ನಮೂದಿನಲ್ಲಿ ಬರಿಯ ‘ಗೆಯೋರ್ಗ್’ ಎಂದಿದ್ದರೂ ಅದು ವಿರೋಧವಲ್ಲ. ಎರಡನೆಯ ಹೆಸರಿಲ್ಲದೆ ‘ಯೊಹಾನೆಸ್’ ಎಂದು ಪೂರ್ತಿಯಾಗಿ ಬರೆದಿದ್ದರೆ ಮಾತ್ರ ಅದೇ ಕರೆಯುವ ಹೆಸರೆಂದು ಸಾಮಾನ್ಯವಾಗಿ ತಿಳಿಯಬಹುದು, ಅಮೆರಿಕದ ‘ಜಾನ್’ ಆಗಲು ಅವನೇ ಹೆಚ್ಚು ಯೋಗ್ಯ.

ತೊಡಕು ಇಲ್ಲಿಗೆ ಮುಗಿಯುವುದಿಲ್ಲ. ಶಿಶು ತೀರಿಕೊಂಡರೆ ಅದರ ಹೆಸರನ್ನೇ ಮುಂದಿನ ಮಗುವಿಗೆ ಇಡುತ್ತಿದ್ದರು. ಹಾಗಾಗಿ ಒಂದೇ ದಂಪತಿಗೆ ಇಬ್ಬರು ಯೊಹಾನ್ ಗೆಯೋರ್ಗ್ ಇರಬಹುದು, ಮತ್ತು ತಂದೆತಾಯಿಯ ಹೆಸರು ಹೊಂದಿತೆಂದು ಮೊದಲು ಕಂಡ ನಮೂದನ್ನು ಹಿಡಿದರೆ ಶಿಶುವಾಗಿದ್ದಾಗಲೇ ಸತ್ತವನನ್ನು ಅಮೆರಿಕಕ್ಕೆ ಕಳುಹಿಸಿದಂತಾಗುತ್ತದೆ. ದಂಪತಿಯ ಮಕ್ಕಳೆಲ್ಲರ ಜನನವನ್ನೂ ಬರೆದುಕೊಂಡು, ಮರಣದ ಪುಸ್ತಕದಲ್ಲಿ ಸಿಕ್ಕವರನ್ನು ಹೊಡೆದುಹಾಕಿ, ಉಳಿದವರಲ್ಲಿ ಮಾತ್ರ ಆರಿಸಬೇಕು.

ಆರಿಸಲು ನನಗೆ ಪ್ರಿಯವಾದ ಉಪಾಯವೊಂದಿದೆ. ಹಳೆಯ ಸಮಾಧಿ ಕಲ್ಲುಗಳು ಅನೇಕ ವೇಳೆ ವಯಸ್ಸನ್ನು ವರ್ಷ, ತಿಂಗಳು, ದಿನಗಳಲ್ಲಿ ಹೇಳುತ್ತವೆ. ಉದಾಹರಣೆಗೆ, ಮರಣ 1891ರ ಮಾರ್ಚ್ 14, ವಯಸ್ಸು 52 ವರ್ಷ 7 ತಿಂಗಳು 20 ದಿನ ಎಂದಿರಲಿ. ಮೊದಲು ವರ್ಷಗಳನ್ನು ಕಳೆದರೆ 1839ರ ಮಾರ್ಚ್ 14. ತಿಂಗಳುಗಳನ್ನು ಕಳೆದರೆ 1838ರ ಆಗಸ್ಟ್ 14. ದಿನಗಳನ್ನು ಕಳೆದರೆ ಜುಲೈ 25. ಒಂದೆರಡು ದಿನ ಹೆಚ್ಚುಕಡಿಮೆ ಬಂದರೂ ಇಬ್ಬರು ಸಹೋದರರಲ್ಲಿ ಒಬ್ಬನನ್ನು ಆರಿಸಲು ಇದು ಸಾಕು. ಹೋಲಿಸುವಾಗ ಜನನದ ದಿನವನ್ನು ನೋಡಬೇಕು; ದೀಕ್ಷಾಸ್ನಾನದ ದಿನ ಬೇರೆಯಿರಬಹುದು.

ತಿಂಗಳಿನ ವಿಷಯದಲ್ಲಿಯೂ ಎಚ್ಚರ ಬೇಕು: ‘8ಬರ್’ ಎಂದಿದ್ದರೆ ಅದು ಅಕ್ಟೋಬರ್, ಆಗಸ್ಟ್ ಅಲ್ಲ, ‘7ಬರ್’ ಸೆಪ್ಟೆಂಬರ್, ‘9ಬರ್’ ನವೆಂಬರ್.

ಈ ಪುಸ್ತಕಗಳ ಬರವಣಿಗೆ ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದ ಲಿಪಿಯದು. ಅದರಲ್ಲಿ ‘ಇ’ (e) ಅಕ್ಷರವು ‘ಎನ್’ (n) ಅಕ್ಷರದಂತೆ ಕಾಣುತ್ತದೆ, ‘ಯು’ (u) ಮೇಲೆ ಸಣ್ಣ ಕೊಂಕು ಇರುತ್ತದೆ. ಕ್ಯಾಥೊಲಿಕ್ ಪುಸ್ತಕಗಳು ಹೆಚ್ಚಾಗಿ ಲ್ಯಾಟಿನ್‌ನಲ್ಲಿವೆ. ಪ್ರೊಟೆಸ್ಟೆಂಟ್ ಚರ್ಚುಗಳ ಅನೇಕ ಪುಸ್ತಕಗಳು ಆರ್ಖಿಯೋನ್ ಜಾಲತಾಣದಲ್ಲಿ ಶುಲ್ಕಕ್ಕೂ, ಕ್ಯಾಥೊಲಿಕ್ ಚರ್ಚುಗಳ ಅನೇಕ ಪುಸ್ತಕಗಳು ಮಾಟ್ರಿಕುಲಾ ಜಾಲತಾಣದಲ್ಲಿ ಉಚಿತವಾಗಿಯೂ ದೊರೆಯುತ್ತವೆ.