ಇಂಗ್ಲಿಷರ ಊಟದ ಚರಿತ್ರೆ: ಹೆಸರು ಹಿಡಿದು ಹೋದರೆ ಸುಲಭ

ಇಂಗ್ಲೆಂಡಿನ ಊಟ ಬರೀ ಸಪ್ಪೆ ಅನ್ನೋ ಮಾತನ್ನು ನಾವೆಲ್ಲ ಕೇಳಿದ್ದೇವೆ. ಈ ಪಾಠ ಓದುವಾಗ ಅದನ್ನು ಪಕ್ಕಕ್ಕಿಡಿ. ಇಸವಿಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ತಿನಿಸುಗಳ ಹೆಸರು ಹಿಡಿದು ಹೋದರೆ, ಯಾರಿಂದ ಏನು ಬಂತು ಅನ್ನೋದು ತಾನಾಗಿ ನೆನಪಿರುತ್ತದೆ.

1066ರಲ್ಲಿ ಫ್ರಾನ್ಸಿನ ಉತ್ತರದ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಳುವವರ ಮಾತು ಫ್ರೆಂಚ್ ಆಯಿತು. ಕೊಟ್ಟಿಗೆಯ ಪ್ರಾಣಿಗೆ ಹಳೆಯ ಇಂಗ್ಲಿಷ್ ಹೆಸರೇ ಉಳಿಯಿತು: ಕೌ, ಶೀಪ್. ತಟ್ಟೆಗೆ ಬಂದ ಮಾಂಸಕ್ಕೆ ಮಾತ್ರ ಫ್ರೆಂಚ್ ಮೂಲದ ಹೆಸರು: ಬೀಫ್, ಮಟನ್. ಸಾಕುವವರು ಯಾರು, ಉಣ್ಣುವವರು ಯಾರು ಅನ್ನೋದು ಇಲ್ಲೇ ಕಾಣುತ್ತದೆ ಅಲ್ವಾ?

ಸುಮಾರು 1390ರಲ್ಲಿ ಎರಡನೇ ರಿಚರ್ಡ್ ರಾಜನ ಬಾಣಸಿಗರು ಬರೆದಿಟ್ಟ ಅಡುಗೆ ಪುಸ್ತಕ 'ದ ಫಾರ್ಮ್ ಆಫ್ ಕ್ಯೂರಿ'. ಇಲ್ಲಿ ತುಂಬಾ ಜನ ಎಡವುತ್ತಾರೆ. ಈ 'ಕ್ಯೂರಿ'ಗೂ, ನಮ್ಮ ಕಡೆಯ ಮಸಾಲೆ ಅಡುಗೆಗೆ ಇಂಗ್ಲಿಷರು ಹೇಳುವ 'ಕರಿ'ಗೂ ನಂಟಿಲ್ಲ. ಅದು ಫ್ರೆಂಚಿನಿಂದ ಬಂದ ಪದ, ಅರ್ಥ ಅಡುಗೆ. ಆದರೆ ಒಳಗೆ ಶುಂಠಿ, ಕೇಸರಿ, ಲವಂಗ, ದಾಲ್ಚಿನ್ನಿ ಧಾರಾಳವಾಗಿವೆ. ಅರಮನೆಯ ಊಟ ಸಪ್ಪೆಯಾಗಿರಲಿಲ್ಲ.

ನಿಜವಾದ ಕರಿ ಸಿಗುವುದು 1747ರಲ್ಲಿ, ಹಾನಾ ಗ್ಲಾಸ್ ಬರೆದ ಅಡುಗೆ ಪುಸ್ತಕದಲ್ಲಿ. ಮೊದಲ ಮುದ್ರಣದ ಕರಿಗೆ ಬಿದ್ದ ಮಸಾಲೆ ಕೊತ್ತಂಬರಿ ಬೀಜ, ಕಾಳುಮೆಣಸು ಅಷ್ಟೇ. ಅರಿಸಿನ, ಶುಂಠಿ ಸೇರಿದ್ದು ಆಮೇಲಿನ ಮುದ್ರಣಗಳಲ್ಲಿ. ಒಂದು ರುಚಿ ಊರಿಗೆ ಮೆಲ್ಲಗೆ ಒಗ್ಗುವುದನ್ನು ಹೀಗೆ ಕಣ್ಣಾರೆ ನೋಡಬಹುದು. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಜಾಗ ಇದೇ.

ಮುಲ್ಲಿಗಟಾನಿ ಸೂಪ್ ನಮಗೆ ಇನ್ನೂ ಹತ್ತಿರ. ತಮಿಳಿನ 'ಮಿಳಗು ತಣ್ಣೀರ್', ಅಂದರೆ ಮೆಣಸಿನ ನೀರು, ಅದರ ಮೂಲ. ನಮ್ಮ ಮನೆಯ ಮೆಣಸಿನ ಸಾರನ್ನು ನೆನೆಸಿಕೊಳ್ಳಿ. ಅದಕ್ಕೆ ಮಾಂಸ ಸೇರಿ ಸೂಪ್ ಆಯಿತು. ಇಂಗ್ಲಿಷರ ಕೆಜರಿ ಅನ್ನೋ ಅನ್ನದ ತಿನಿಸು ನಮ್ಮ ಖಿಚಡಿಯೇ. ಬೇಳೆ ಹೋಗಿ, ಹೊಗೆಯಲ್ಲಿ ಒಣಗಿಸಿದ ಮೀನು, ಬೇಯಿಸಿದ ಮೊಟ್ಟೆ ಬಂದವು.

ಚಹಾ ಚೀನಾದಿಂದ ಬಂತು. ಅದಕ್ಕೆ ಹಾಕಿದ ಸಕ್ಕರೆಗಾಗಿ ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರನ್ನು ದುಡಿಸಿದರು. ಇದನ್ನು ಬಿಟ್ಟು ಬರೆದ ಉತ್ತರ ಅರ್ಧ ಉತ್ತರ.

ಹಾಗಾದರೆ ಸಪ್ಪೆ ಅನ್ನೋ ಹೆಸರು ಹೇಗೆ ಅಂಟಿಕೊಂಡಿತು? ಒಂದು ದೊಡ್ಡ ಕಾರಣ ರೇಷನ್. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940ರಲ್ಲಿ, ಬೆಣ್ಣೆ, ಸಕ್ಕರೆ, ಮಾಂಸ ಎಲ್ಲಕ್ಕೂ ಅಳತೆ ಬಂತು. ಯುದ್ಧ 1945ರಲ್ಲಿ ಮುಗಿದರೂ ಮಾಂಸದ ರೇಷನ್ 1954ರ ಜುಲೈವರೆಗೂ ಇತ್ತು. ಯುದ್ಧದ ಉದ್ದಕ್ಕೂ ರೇಷನ್‌ಗೆ ಸೇರದೆ ಉಳಿದದ್ದು ಫಿಶ್ ಅಂಡ್ ಚಿಪ್ಸ್, ಅಂದರೆ ಕರಿದ ಮೀನು ಮತ್ತು ಕರಿದ ಆಲೂಗಡ್ಡೆ. ಆ ಮೀನು ಕರಿಯುವ ರೀತಿ ಸ್ಪೇನ್, ಪೋರ್ಚುಗಲ್ ಕಡೆಯ ಯಹೂದಿಗಳಿಂದ ಬಂದದ್ದು. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕ.